ಎರಡನೇ ಸಲಕ್ಕೆ ಟಿ.ಸಿ.?

ನಮ್ಮ ಕಾಲೇಜಿನ ಕೈಪಿಡಿಯಲ್ಲಿ ಶಿಸ್ತಿನ ನಿಯಮಗಳದ್ದೇ ಒಂದು ಪುಟ ಇದೆ. ಪ್ರವೇಶದ ದಿನ ಪೋಷಕರು ಸಹಿ ಹಾಕುವುದು ಅದೇ ಪುಟಕ್ಕೆ, ಆದರೆ ಓದುವವರು ಕಡಿಮೆ. ಮಾದಕ ವಸ್ತುಗಳ ಬಗ್ಗೆ ಅದರಲ್ಲಿರುವುದು ಒಂದೇ ಸಾಲು: ಮೊದಲ ಸಲ ಸಿಕ್ಕಿಬಿದ್ದರೆ ಪೋಷಕರನ್ನು ಕರೆಸಿ ಎಚ್ಚರಿಕೆ, ಎರಡನೇ ಸಲಕ್ಕೆ ಟಿ.ಸಿ. ಸಾಲಿನ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಈ ಲೇಖನ ಎರಡನೇ ಅರ್ಧದ ಬಗ್ಗೆ.

ಕಳೆದ ವರ್ಷ ನಮ್ಮ ನಡುವಿನಿಂದ ಒಬ್ಬ ಹೀಗೆ ಹೋದ. ಹೆಸರು ಬೇಡ. ದ್ವಿತೀಯ ಪಿಯುಸಿಯವರಿಗೆ ಗೊತ್ತು, ಉಳಿದವರಿಗೆ ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಒಮ್ಮೆ ಸಿಕ್ಕಿಬಿದ್ದಿದ್ದ, ಮನೆಯವರು ಎರಡು ತಿಂಗಳು ಚಿಕಿತ್ಸೆಗೆ ಸೇರಿಸಿದ್ದರು, ತೂಕ ಹೆಚ್ಚಿಸಿಕೊಂಡು ಬಂದಿದ್ದ. ಮೂರು ವಾರ ಮೊದಲ ಬೆಂಚಿನಲ್ಲೇ ಕುಳಿತ. ನಾಲ್ಕನೇ ವಾರ ಮತ್ತೆ ಅದೇ ಕಥೆ. ಆಮೇಲೆ ಮೆಟ್ಟಿಲುಗಳ ಬಳಿ, ಕ್ಯಾಂಟೀನಿನಲ್ಲಿ, ಜುಮಾ ಮುಗಿಸಿ ಬಂದವರ ಬಾಯಲ್ಲಿ ಕೇಳಿದ ಮಾತು ಒಂದೇ: "ಎಲ್ಲ ನಾಟಕ. ಬಿಟ್ಟಿದ್ದೇ ಸುಳ್ಳು. ನಿಜವಾಗಿ ಪಶ್ಚಾತ್ತಾಪ ಆಗಿದ್ದಿದ್ದರೆ ಮತ್ತೆ ಮುಟ್ಟುತ್ತಿದ್ದನೇ?"

ಕೇಳಲು ಇದು ಸರಿಯಾದ ತರ್ಕದಂತೆಯೇ ಇದೆ. ಎರಡು ತಿಂಗಳು ಇಲ್ಲದೆ ಬದುಕಿದವನಿಗೆ ಮತ್ತೆ ಬೇಕೆನ್ನಿಸುವುದು ಕೊಬ್ಬಿನಿಂದ ಎಂದು ಯಾರಿಗಾದರೂ ತೋರಬಹುದು. ನಮ್ಮ ನಿಯಮವೂ ಇದೇ ತರ್ಕದ ಮೇಲೆ ನಿಂತಿದೆ: ಮೊದಲನೆಯದು ತಪ್ಪು, ಎರಡನೆಯದು ಉದ್ಧಟತನ. ಆದರೆ ಮೆದುಳಿನ ವಿಜ್ಞಾನ ಹೇಳುವುದು ಬೇರೆ. ಮತ್ತೆ ಜಾರುವುದು ಈ ಕಾಯಿಲೆಯ ಲಕ್ಷಣಗಳಲ್ಲಿ ಒಂದು, ಬಿಟ್ಟದ್ದು ಸುಳ್ಳು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ನಾವು ಪಿಸಿಎಂಬಿಯವರು ಜೀವಶಾಸ್ತ್ರದಲ್ಲಿ 'ಮಾನವನ ಆರೋಗ್ಯ ಮತ್ತು ಕಾಯಿಲೆ' ಅಧ್ಯಾಯ ಓದುತ್ತೇವೆ. ಅಫೀಮಿನ ಗಿಡ, ಗಾಂಜಾ ಗಿಡ, ಕೋಕಾ ಗಿಡ, ಚಿತ್ರಗಳು, ಅಣುರಚನೆ ಎಲ್ಲ ಇದೆ. ಕೊಕೇನ್ ಡೋಪಮೈನ್ ಎಂಬ ನರಪ್ರೇಕ್ಷಕದ ಸಾಗಣೆಗೆ ಅಡ್ಡಿಪಡಿಸುತ್ತದೆ ಎಂಬ ಸಾಲೂ ಇದೆ. ಪರೀಕ್ಷೆಗೆ ಆ ಸಾಲು ಸಾಕು. ಆದರೆ ಮದ್ದು ದೇಹದಿಂದ ಪೂರ್ತಿ ಹೊರಟುಹೋಗಿ ವಾರಗಳಾದ ಮೇಲೂ ಒಬ್ಬ ಹುಡುಗ ಯಾಕೆ ಚಡಪಡಿಸುತ್ತಾನೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಉತ್ತರ ಶುರುವಾಗುವುದು ಇಲಿಗಳಿಂದ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮೆದುಳಿನೊಳಗೆ ಸಣ್ಣ ತಂತಿ ಇಟ್ಟು, ಒಂದು ಸನ್ನೆ ಒತ್ತಿದರೆ ಅಲ್ಲಿಗೆ ಚೂರೇ ಚೂರು ವಿದ್ಯುತ್ ಹರಿಯುವಂತೆ ಮಾಡಿದರು. ಇಲಿ ಗಂಟೆಗೆ ನೂರಾರು ಸಲ ಆ ಸನ್ನೆ ಒತ್ತಿತು. ಮೆದುಳಿನಲ್ಲಿ 'ಇನ್ನೊಮ್ಮೆ' ಎನ್ನಿಸುವ ಒಂದು ದಾರಿ ಇದೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ. ಮಧ್ಯಮೆದುಳಿನಿಂದ ಹೊರಟು ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಕಡಲೆಕಾಯಿಯಷ್ಟು ಜಾಗಕ್ಕೆ ಹೋಗುವ ಆ ದಾರಿಯಲ್ಲಿ ಓಡಾಡುವ ಸಂದೇಶವಾಹಕ ಡೋಪಮೈನ್. ಹಸಿದಾಗ ಊಟ, ಬಾಯಾರಿದಾಗ ನೀರು, ಯಾರೋ ಬೆನ್ನು ತಟ್ಟಿದ್ದು, ಎಲ್ಲಕ್ಕೂ ಈ ದಾರಿ ಸ್ವಲ್ಪ ಸ್ವಲ್ಪ ಮಿನುಗುತ್ತದೆ. ನಿಕೋಟಿನ್, ಗಾಂಜಾ, ಹೆರಾಯಿನ್, ಎಂಡಿಎಂಎ ಒಂದೊಂದೂ ಬೇರೆ ಬೇರೆ ಬಾಗಿಲಿನಿಂದ ಒಳಹೊಕ್ಕು ಇದೇ ದಾರಿಯಲ್ಲಿ ನೆರೆ ಹರಿಸುತ್ತವೆ.

ನಾವೆಲ್ಲ ಡೋಪಮೈನ್ ಎಂದರೆ ಸುಖದ ರಾಸಾಯನಿಕ ಎಂದು ರೀಲ್ಸ್ ನೋಡಿ ಕಲಿತಿದ್ದೇವೆ. ಅದು ಅರ್ಧ ಸತ್ಯವೂ ಅಲ್ಲ. ವೋಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಡೋಪಮೈನ್ ನರಕೋಶಗಳ ಸದ್ದನ್ನು ಒಂದೊಂದಾಗಿ ಆಲಿಸಿದರು. ಮಂಗನ ಬಾಯಿಗೆ ಹಣ್ಣಿನ ರಸ ಬಿದ್ದಾಗ ಮೊದಮೊದಲು ಕೋಶಗಳು ಪಟಪಟ ಎಂದವು. ರಸಕ್ಕೆ ಮುಂಚೆ ಪ್ರತಿಸಲವೂ ಒಂದು ದೀಪ ಹತ್ತಿಸುತ್ತಾ ಬಂದರೆ, ಕೆಲವು ದಿನಗಳಲ್ಲಿ ಕೋಶಗಳು ರಸಕ್ಕೆ ಸುಮ್ಮನಾದವು, ದೀಪಕ್ಕೆ ಪಟಪಟ ಎಂದವು. ದೀಪ ಹತ್ತಿಯೂ ರಸ ಬರದಿದ್ದರೆ, ಸರಿಯಾಗಿ ರಸ ಬರಬೇಕಿದ್ದ ಕ್ಷಣದಲ್ಲಿ ಅವು ಎಂದಿಗಿಂತ ಮಂಕಾದವು. 1997ರಲ್ಲಿ ಶುಲ್ಟ್ಸ್ ಇಬ್ಬರು ಸಹೋದ್ಯೋಗಿಗಳ ಜೊತೆ ಇದನ್ನು ವಿವರಿಸಿ ಬರೆದ ಲೇಖನ ಈ ಕ್ಷೇತ್ರದಲ್ಲಿ ಈಗ ಎಲ್ಲರೂ ಓದುವಂಥದ್ದು. ಅಂದರೆ ಡೋಪಮೈನ್ ಸಾರುವುದು ಮುಖ್ಯವಾಗಿ 'ಬರುತ್ತಿದೆ, ತಯಾರಾಗು' ಎಂಬ ಸುದ್ದಿಯನ್ನು. ಆ ಸುದ್ದಿ ತಂದ ದೀಪ, ಬೀದಿ, ಮುಖ, ವಾಸನೆ ಯಾವುದಿದ್ದರೂ ಅದು ಮೆದುಳಿನಲ್ಲಿ ಗುರುತಾಗಿ ಉಳಿಯುತ್ತದೆ.

ಇದನ್ನು ನಂಬಲು ಮಂಗನ ತನಕ ಹೋಗಬೇಕಾಗಿಲ್ಲ. ನಮ್ಮ ಮಾಮ ದಿನಕ್ಕೆ ಒಂದೂವರೆ ಪ್ಯಾಕ್ ಸಿಗರೇಟು ಸೇದುವವರು. ರಂಝಾನಿನಲ್ಲಿ ಬೆಳಗಿನ ಜಾವದಿಂದ ಸಂಜೆಯ ತನಕ ಒಂದೂ ಇಲ್ಲ. ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುತ್ತಾರೆ, ಯಾರ ಮೇಲೂ ರೇಗುವುದಿಲ್ಲ. ಅಸರ್ ಕಳೆದು ಸಂಜೆ ಇಳಿಯುತ್ತಾ ಬಂದಂತೆ ಅವರ ಕೈ ಜೇಬಿನ ಹತ್ತಿರ ಸುಳಿಯತೊಡಗುತ್ತದೆ. ಮಗ್ರಿಬ್ ಬಾಂಗಿಗೆ ಐದು ನಿಮಿಷ ಇರುವಾಗ ಅವರನ್ನು ಮಾತಾಡಿಸಬಾರದು ಎಂದು ಮಾಮಿಯೇ ಮಕ್ಕಳಿಗೆ ಹೇಳಿಬಿಡುತ್ತಾರೆ. ಖರ್ಜೂರ ಬಾಯಿಗಿಟ್ಟು, ನೀರು ಕುಡಿದು, ಸಮೋಸಕ್ಕೂ ಕಾಯದೆ ಅಂಗಳಕ್ಕೆ. ಯೋಚಿಸಿ: ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಮಧ್ಯಾಹ್ನ ಮೂರಕ್ಕೇ ಅದು ಹೆಚ್ಚುಕಡಿಮೆ ಮುಗಿದಿತ್ತು. ಮೂರು ಗಂಟೆಗೂ ಆರೂವರೆಗೂ ನಡುವೆ ರಕ್ತದಲ್ಲಿ ಬದಲಾದದ್ದು ತೀರಾ ಕಡಿಮೆ. ಬದಲಾದದ್ದು 'ಬರುತ್ತಿದೆ' ಎಂಬ ಸುದ್ದಿ.

ಇದು ನಮ್ಮ ಮನೆಯ ಮಾತಷ್ಟೇ ಅಲ್ಲ. ಟೆಲ್ ಅವೀವ್ ವಿಶ್ವವಿದ್ಯಾಲಯದ ರೂವೆನ್ ದಾರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸಿಗರೇಟು ಸೇದುವ ವಿಮಾನ ಸಿಬ್ಬಂದಿಯ ತುಡಿತವನ್ನು ಸಣ್ಣ ಪ್ರಯಾಣದಲ್ಲೂ ದೀರ್ಘ ಪ್ರಯಾಣದಲ್ಲೂ ಅಳೆದರು. ಸಣ್ಣ ಪ್ರಯಾಣ ಮುಗಿಯುವ ಹೊತ್ತಿಗೆ ತುಡಿತ ತಾರಕಕ್ಕೇರಿತ್ತು. ಅಷ್ಟೇ ಗಂಟೆ ಸಿಗರೇಟಿಲ್ಲದೆ ಕಳೆದು ಇನ್ನೂ ಸಮುದ್ರದ ಮೇಲೆ ನಡುದಾರಿಯಲ್ಲಿದ್ದವರಿಗೆ ಅಷ್ಟು ತುಡಿತವೇ ಇರಲಿಲ್ಲ. ಮುಖ್ಯವಾಗಿದ್ದು ಎಷ್ಟು ಹೊತ್ತಾಯಿತು ಎಂಬುದಲ್ಲ, ಇಳಿಯಲು ಎಷ್ಟು ಹೊತ್ತಿದೆ ಎಂಬುದು. ರಂಝಾನಿನಲ್ಲಿ ಮೂವತ್ತು ದಿನ ತಡೆದವನಿಗೆ ಆಮೇಲೇನು ಧಾಡಿ ಎಂದು ಹಿರಿಯರು ಕೇಳುತ್ತಾರಲ್ಲ, ಅದಕ್ಕೆ ಉತ್ತರ ಇಲ್ಲಿದೆ. ಉಪವಾಸದ ಹಗಲಿನಲ್ಲಿ ಮೆದುಳಿಗೆ 'ಈಗ ಇಲ್ಲ' ಎಂಬುದು ಖಚಿತ. ಪೆರ್ನಾಳಿನ ಬೆಳಿಗ್ಗೆ ಆ ಖಚಿತತೆ ಮುರಿಯುತ್ತದೆ. ಚಿಕಿತ್ಸಾ ಕೇಂದ್ರದ ಗೇಟಿನೊಳಗೂ ಹಾಗೆಯೇ. ಅಲ್ಲಿ ಸಿಗುವುದಿಲ್ಲ ಎಂದು ಗೊತ್ತು, ಆದ್ದರಿಂದ ಹುಡುಗ ಹಗುರಾಗಿರುತ್ತಾನೆ. ಮನೆಯವರು ಅದನ್ನು ನೋಡಿ ಗುಣವಾಯಿತು ಎಂದುಕೊಳ್ಳುತ್ತಾರೆ.

ಮಾಮ ಇನ್ನೊಂದು ಮಾತು ಹೇಳುತ್ತಾರೆ: "ಈಗ ಇದರಲ್ಲಿ ಏನೂ ರುಚಿ ಇಲ್ಲ ಮಗಾ, ಆದರೂ ಬೇಕು." ರುಚಿ ಇಲ್ಲದಿದ್ದರೆ ಬೇಕು ಯಾಕೆ ಎಂದು ನಾನು ಬಹಳ ಕಾಲ ನಗುತ್ತಿದ್ದೆ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್‌ಸನ್ 1993ರಲ್ಲಿ ಮಂಡಿಸಿದ ಸಿದ್ಧಾಂತ ಈ ಮಾತಿನ ಮೇಲೆಯೇ ನಿಂತಿದೆ. ಇಷ್ಟಪಡುವುದು ಮತ್ತು ಬೇಕೆನಿಸುವುದು ಮೆದುಳಿನಲ್ಲಿ ಎರಡು ಬೇರೆ ಕೆಲಸಗಳು. ಡೋಪಮೈನ್ ಬಹುಪಾಲು ಇಲ್ಲವಾಗಿಸಿದ ಇಲಿಯ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ ಅದು ಮೊದಲಿನಂತೆಯೇ ಚಪ್ಪರಿಸುತ್ತದೆ, ಆದರೆ ಮುಂದೆ ಇಟ್ಟ ಆಹಾರದ ಕಡೆಗೆ ಒಂದು ಹೆಜ್ಜೆ ಇಡುವುದಿಲ್ಲ. ಚಟ ಹಿಡಿದವರಲ್ಲಿ ನಡೆಯುವುದು ಇದರ ಉಲ್ಟಾ. ಇಷ್ಟ ಸವೆಯುತ್ತಾ ಹೋಗುತ್ತದೆ, ಬೇಕು ಮಾತ್ರ ಬೆಳೆಯುತ್ತದೆ. 'ಮಜಾ ಮಾಡಲು ಹೋದ' ಎಂದು ನಾವು ಹೇಳುವ ಎರಡನೇ ಸಲದಲ್ಲಿ ಮಜಾ ಎಂಬುದು ಇರುವುದೇ ಅನುಮಾನ.

ಈಗ ನಮ್ಮ ನಿಯಮಕ್ಕೆ ನೇರವಾಗಿ ತಾಗುವ ಸಂಗತಿಗೆ ಬರುತ್ತೇನೆ. ಬಿಟ್ಟಷ್ಟೂ ದಿನ ತುಡಿತ ಕಡಿಮೆಯಾಗುತ್ತಾ ಹೋಗಬೇಕು ಎಂದು ನಾವು ಭಾವಿಸುತ್ತೇವೆ. ಗಾಯ ಮಾಯುವಂತೆ. 2001ರಲ್ಲಿ ಜೆಫ್ರಿ ಗ್ರಿಮ್, ಯಾವಿನ್ ಶಹಾಮ್ ಮತ್ತಿತರರು ಇದನ್ನು ಪರೀಕ್ಷಿಸಿದರು. ಸನ್ನೆ ಒತ್ತಿ ಕೊಕೇನ್ ಪಡೆಯಲು ಕಲಿತಿದ್ದ ಇಲಿಗಳಿಗೆ ಕೊಕೇನ್ ನಿಲ್ಲಿಸಿ, ಬೇರೆ ಬೇರೆ ಅಂತರದ ನಂತರ ಹಳೆಯ ಗುರುತನ್ನು ತೋರಿಸಿದರು. ಬಿಟ್ಟ ಮರುದಿನಕ್ಕಿಂತ ಒಂದು ವಾರದ ಮೇಲೆ ಇಲಿಗಳು ಹೆಚ್ಚು ಸಲ ಸನ್ನೆ ಒತ್ತಿದವು, ತಿಂಗಳ ಮೇಲೆ ಇನ್ನೂ ಹೆಚ್ಚು, ಎರಡು ತಿಂಗಳಾದರೂ ಏರಿದ್ದು ಇಳಿದಿರಲಿಲ್ಲ. ತುಡಿತ ಮಾಯುವ ಬದಲು ಕಾವು ಕೊಟ್ಟ ಮೊಟ್ಟೆಯಂತೆ ಒಳಗೇ ಬೆಳೆಯುತ್ತಿತ್ತು. ವಿಜ್ಞಾನಿಗಳು ಅದಕ್ಕಿಟ್ಟ ಹೆಸರೂ ಕಾವು ಎಂಬ ಅರ್ಥದ್ದೇ. ಇಲಿಯ ಅಳತೆ ಮನುಷ್ಯನಿಗೆ ಹಾಗೇ ಹೊಂದಬೇಕೆಂದಿಲ್ಲ, ನಿಜ. ಆದರೆ ಸಿಗರೇಟು, ಮದ್ಯ, ಮೆಥಾಂಫೆಟಮಿನ್ ಬಿಟ್ಟ ಮನುಷ್ಯರಲ್ಲೂ ಗುರುತು ಕಂಡಾಗಿನ ತುಡಿತ ಮೊದಲ ವಾರಗಳಲ್ಲಿ ಏರುವುದನ್ನು ಆಮೇಲೆ ಅಳೆದಿದ್ದಾರೆ.

ಯಾಕೆ ಏರುತ್ತದೆ ಎಂಬುದಕ್ಕೆ ಡೋಪಮೈನ್ ಒಂದೇ ಸಾಲದು. ಇಲ್ಲಿ ಗ್ಲುಟಮೇಟ್ ಎಂಬ ಇನ್ನೊಂದು ಸಂದೇಶವಾಹಕ ಬರುತ್ತದೆ. ನೆನಪು, ಕಲಿಕೆ, ಇವತ್ತು ಓದಿದ್ದು ನಾಳೆಗೆ ಉಳಿಯುವುದು, ಎಲ್ಲಕ್ಕೂ ಇದು ಬೇಕು. ಗುರುತುಗಳ ನೆನಪನ್ನು ಅಕ್ಯುಂಬೆನ್ಸಿಗೆ ತಂದು ಮುಟ್ಟಿಸುವುದೂ ಇದೇ. 2008ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಕೊಕೇನ್ ಬಿಟ್ಟು ವಾರಗಳಾದ ಇಲಿಗಳ ಅಕ್ಯುಂಬೆನ್ಸಿನಲ್ಲಿ ಗ್ಲುಟಮೇಟನ್ನು ಹಿಡಿಯುವ ಹೊಸ ಬಗೆಯ ಗ್ರಾಹಕಗಳು ಎದ್ದಿರುವುದು ಕಂಡಿತು. ಇವು ಹಳೆಯವಕ್ಕಿಂತ ಬಲವಾಗಿ ಕೂಗುವಂಥವು. ಅವನ್ನು ಮದ್ದಿನಿಂದ ಮುಚ್ಚಿದಾಗ ಏರಿದ್ದ ತುಡಿತ ಇಳಿಯಿತು. ಹೊಸ ಮದ್ದು ಒಂದು ಹನಿಯೂ ಒಳಹೋಗದೆ, ಬಿಟ್ಟ ಅವಧಿಯಲ್ಲೇ ಮೆದುಳು ತನ್ನ ತಂತಿಗಳನ್ನು ಹೀಗೆ ಬಿಗಿದುಕೊಂಡಿತ್ತು ಎಂಬುದನ್ನು ಗಮನಿಸಿ. ಒಂದರಿಂದ ಮೂರು ತಿಂಗಳು ಕೇಂದ್ರದಲ್ಲಿಟ್ಟು ನಾವು ಹುಡುಗನನ್ನು ಹಳೆಯ ಬೀದಿಗೆ ತಂದು ನಿಲ್ಲಿಸುವುದು ಸರಿಯಾಗಿ ಈ ಹೊತ್ತಿನಲ್ಲಿ.

ಆ ಬೀದಿ ಏನು ಮಾಡುತ್ತದೆ ಎಂಬುದಕ್ಕೆ ಫಿಲಡೆಲ್ಫಿಯಾದ ಅನ್ನಾ ರೋಸ್ ಚೈಲ್ಡ್ರೆಸ್ ಅವರ ತಂಡ 2008ರಲ್ಲಿ ತೋರಿಸಿದ್ದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ. ಕೊಕೇನ್ ಚಟಕ್ಕೆ ಚಿಕಿತ್ಸೆ ಪಡೆಯುತ್ತಿದ್ದ 22 ಮಂದಿಯನ್ನು ಸ್ಕ್ಯಾನರಿನೊಳಗೆ ಮಲಗಿಸಿ, ಮದ್ದಿಗೆ ಸಂಬಂಧಿಸಿದ ಚಿತ್ರಗಳನ್ನು ಬರೀ 33 ಮಿಲಿಸೆಕೆಂಡು ತೋರಿಸಿದರು. ಅಷ್ಟರಲ್ಲಿ ಕಣ್ಣಿಗೆ ಏನೂ ಕಂಡಂತೆ ಅನ್ನಿಸುವುದಿಲ್ಲ. ಆದರೂ ಅವರ ಮೆದುಳಿನ ಭಾವನೆ ಮತ್ತು ಬಯಕೆಯ ಭಾಗಗಳು ಚುರುಕಾದವು. ನೋಡಿದೆ ಎಂದು ಅವನಿಗೇ ಗೊತ್ತಾಗುವ ಮೊದಲು ಮೆದುಳು ನೋಡಿ ಆಗಿತ್ತು. ನಮ್ಮ ಕಡೆಯ ಹುಡುಗನೊಬ್ಬ, ಈಗ ಚೆನ್ನಾಗಿದ್ದಾನೆ, ನಮ್ಮಣ್ಣನ ಹತ್ತಿರ ಹೇಳಿದ್ದನ್ನು ಅವನ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಕೇಂದ್ರದಿಂದ ಬರುವಾಗ ಹಾದಿಯುದ್ದಕ್ಕೂ ಅವನು ಉಮ್ಮನ ಜೊತೆ ನಗುತ್ತಾ ಮಾತಾಡುತ್ತಿದ್ದನಂತೆ. ಬಸ್ಸು ಹಳೇ ಬಸ್‌ಸ್ಟ್ಯಾಂಡಿನ ತಿರುವು ತೆಗೆದುಕೊಂಡಿತು. ಅಲ್ಲಿನ ಗೂಡಂಗಡಿಯ ನೀಲಿ ತಗಡು ಕಂಡದ್ದೇ ತಡ, ಅಂಗೈ ಒದ್ದೆಯಾಗಿ ಬಾಯಿ ಒಣಗಿತು. "ನಾನು ಏನೂ ಯೋಚಿಸಲಿಲ್ಲ, ಮೈಯೇ ಯೋಚಿಸಿತು" ಎಂದನಂತೆ.

ಗುರುತಿನ ಜೊತೆಗೆ ಇನ್ನೊಂದು ಬಾಗಿಲಿದೆ: ಒತ್ತಡ. ತಿಂಗಳುಗಟ್ಟಲೆ ಮದ್ದು ಕಾಣದ ಇಲಿಯನ್ನು ಮತ್ತೆ ಸನ್ನೆಯ ಬಳಿಗೆ ಕಳಿಸಲು ಕಾಲಿಗೆ ಸಣ್ಣದೊಂದು ಶಾಕ್ ಸಾಕು ಎಂದು 1990ರ ದಶಕದಿಂದ ಗೊತ್ತಿದೆ. ಭಯದ ಹೊತ್ತಿನಲ್ಲಿ ಮೆದುಳಿನಲ್ಲಿ ಹರಿಯುವ ಸಿಆರ್‌ಎಫ್ ಎಂಬ ರಾಸಾಯನಿಕ ಮತ್ತು ನಾರ್‌ಅಡ್ರಿನಲಿನ್ ಆ ಕೆಲಸ ಮಾಡುತ್ತವೆ. ಕೇಂದ್ರದಿಂದ ಬಂದ ಹುಡುಗನಿಗೆ ನಾವು ಕೊಡುವುದೇನು? ಬಂದ ಮೊದಲ ವಾರವೇ ಯೂನಿಟ್ ಟೆಸ್ಟ್. ಮನೆಯಲ್ಲಿ ಜೇಬು ತಡಕುವ ಕೈಗಳು. ತರಗತಿಯಲ್ಲಿ ಅವನ ಪಕ್ಕ ಖಾಲಿ ಜಾಗ. ಅದರ ಮೇಲೆ 'ಇನ್ನೊಂದು ಸಲ ಆದರೆ ಟಿ.ಸಿ.' ಎಂಬ ಕತ್ತಿ. ಹೆದರಿಸಿದರೆ ಬಿಡುತ್ತಾನೆ ಎಂದು ನಾವು ಇಟ್ಟ ನಿಯಮ ಮೆದುಳಿನ ಲೆಕ್ಕದಲ್ಲಿ ಜಾರುವಂತೆ ತಳ್ಳುವ ಕೈಗಳಲ್ಲಿ ಒಂದಾಗಬಲ್ಲದು.

ಇಷ್ಟು ಓದಿದ ಮೇಲೆ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು, ಮನೆಯಲ್ಲಿ ಉಮ್ಮನೂ ಕೇಳಿದರು. ಎಲ್ಲ ರಾಸಾಯನಿಕವೇ ಆದರೆ ಅವನ ತಪ್ಪೇನು? ನಾಳೆ ಎಲ್ಲರೂ ಡೋಪಮೈನ್ ಹೆಸರು ಹೇಳಿ ತಪ್ಪಿಸಿಕೊಳ್ಳುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಪಾಪ, ಪಶ್ಚಾತ್ತಾಪಗಳ ವಿಷಯ ಅದನ್ನು ಬಲ್ಲವರಿಗೆ ಬಿಡುತ್ತೇನೆ. ನನಗೆ ಅರ್ಥವಾದಷ್ಟರಲ್ಲಿ, ಜವಾಬ್ದಾರಿ ಇಲ್ಲವಾಗುವುದಿಲ್ಲ, ಅದರ ಜಾಗ ಬದಲಾಗುತ್ತದೆ. ಗೂಡಂಗಡಿಯ ಎದುರು ನಿಂತು, ಅಂಗೈ ಬೆವರಿ, ಹಳೆಯ ಗೆಳೆಯ ಕೈಚಾಚಿದಾಗ ಇಚ್ಛಾಶಕ್ತಿ ತೋರಿಸು ಎನ್ನುವುದು ನೆರೆ ಬಂದ ಮೇಲೆ ಕಟ್ಟೆ ಕಟ್ಟು ಎಂದಂತೆ. ಯಾವ ಬಸ್ಸು ಹತ್ತಬೇಕು, ಯಾವ ನಂಬರು ಅಳಿಸಬೇಕು, ಸಂಜೆ ಐದಕ್ಕೆ ಎಲ್ಲಿರಬೇಕು ಎಂದು ಬೆಳಿಗ್ಗೆ ತಣ್ಣನೆಯ ತಲೆಯಲ್ಲಿ ತೀರ್ಮಾನಿಸುವುದು ಅವನ ಜವಾಬ್ದಾರಿ, ಅದು ಅವನಿಂದ ಸಾಧ್ಯ. ಇಲಿಗೆ ಬೇರೆ ದಾರಿಯಲ್ಲಿ ಹೋಗುವ ಆಯ್ಕೆ ಇರಲಿಲ್ಲ, ಮನುಷ್ಯನಿಗೆ ಇದೆ. ಆದರೆ ಆ ಯೋಜನೆ ಹಾಕುವ ಹಣೆಯ ಹಿಂದಿನ ಭಾಗ, ಪ್ರಿಫ್ರಂಟಲ್ ಕಾರ್ಟೆಕ್ಸ್, ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ನಮಗೆ ಈಗ ಹದಿನೇಳು. ಅವನೊಬ್ಬನೇ ಯೋಜನೆ ಹಾಕಲಾರ, ಪಕ್ಕದಲ್ಲಿ ದೊಡ್ಡವರು ಬೇಕು.

ಮಾರುವವನ ಬಗ್ಗೆ ನಾನು ಇಲ್ಲಿ ಒಂದಕ್ಷರವೂ ವಾದಿಸುತ್ತಿಲ್ಲ. ಕಾಲೇಜಿನೊಳಗೆ ಮಾರಾಟಕ್ಕೆ ತಂದವನನ್ನು ಮೊದಲ ಸಲವೇ ಪೊಲೀಸರಿಗೆ ಒಪ್ಪಿಸಲಿ. ಈಗಿನ ನಿಯಮದಲ್ಲಿ ಅವನಿಗೂ ಒಂದು ಎಚ್ಚರಿಕೆ ಸಿಗುತ್ತದೆ, ಇದೊಂದು ವಿಚಿತ್ರ.

ಜಾಗದ ಮಾತಿಗೆ ಮರಳಿದರೆ, ವಿಯೆಟ್ನಾಂ ಯುದ್ಧದ ಸೈನಿಕರ ಕಥೆ ಹೇಳಲೇಬೇಕು. ಅಲ್ಲಿದ್ದ ಅಮೆರಿಕದ ಸಾಮಾನ್ಯ ಸೈನಿಕರಲ್ಲಿ ಐವರಲ್ಲಿ ಒಬ್ಬ ಹೆರಾಯಿನ್‌ನಂಥ ಮದ್ದಿನ ದಾಸನಾಗಿದ್ದ. ಅವರೆಲ್ಲ ಊರಿಗೆ ಬಂದರೆ ಏನು ಗತಿ ಎಂದು 1971ರಲ್ಲಿ ಸರ್ಕಾರವೇ ಬೆಚ್ಚಿತ್ತು. ಲೀ ರಾಬಿನ್ಸ್ ಎಂಬ ಸಂಶೋಧಕಿ ಬೆನ್ನುಹತ್ತಿ ಲೆಕ್ಕ ತೆಗೆದರು. ಅಲ್ಲಿ ಚಟ ಹತ್ತಿಸಿಕೊಂಡಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಕಾರಣಗಳು ಹಲವು, ಆದರೆ ಯುದ್ಧದ ಒತ್ತಡವೂ ಮದ್ದಿನ ಗುರುತುಗಳೂ ಸಾವಿರಾರು ಮೈಲಿ ದೂರ ಉಳಿದಿದ್ದವು ಎಂಬುದು ಸಣ್ಣ ಕಾರಣವಲ್ಲ. ನಮ್ಮ ಹಿರಿಯರು ಈ ಸಂಶೋಧನೆ ಓದದೆಯೇ 'ದುಬೈಗೆ ಕಳಿಸಿಬಿಡಿ' ಎನ್ನುತ್ತಾರೆ, ಅದರಲ್ಲಿ ತಕ್ಕಮಟ್ಟಿಗೆ ತಿರುಳಿದೆ. ಅಪಾಯ ಇರುವುದು ಅವನು ರಜೆಗೆ ಊರಿಗಿಳಿದಾಗ. ಇನ್ನೊಂದು ಸಲಹೆ ಉಂಟು, 'ಮದುವೆ ಮಾಡಿ, ಸರಿಹೋಗುತ್ತಾನೆ'. ಒಬ್ಬ ಹುಡುಗಿಯಾಗಿ ಹೇಳುತ್ತೇನೆ: ನಮ್ಮ ಬದುಕು ಯಾರದ್ದೇ ಚಿಕಿತ್ಸಾ ಕೇಂದ್ರವಲ್ಲ.

ಟಿ.ಸಿ. ಏನು ಮಾಡುತ್ತದೆ? ಅದು ಹುಡುಗನನ್ನು ಗೂಡಂಗಡಿಯಿಂದ ದೂರ ಮಾಡುವುದಿಲ್ಲ. ದಿನಕ್ಕೆ ಏಳು ಗಂಟೆ ಅವನನ್ನು ಅಲ್ಲಿಂದ ದೂರ ಇಟ್ಟಿದ್ದ ಒಂದೇ ಜಾಗದಿಂದ ದೂರ ಮಾಡುತ್ತದೆ.

ಜೀವಕ್ಕೇ ಸಂಬಂಧಿಸಿದ ಒಂದು ಮಾತು, ಇದನ್ನು ಜೂನ್ 26ರ ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಹೆರಾಯಿನ್, ಅಫೀಮು, ನೋವಿನ ಮಾತ್ರೆಗಳ ಜಾತಿಯ ಮದ್ದಿಗೆ ದೇಹ ಒಗ್ಗಿಕೊಳ್ಳುತ್ತದೆ. ಮೊದಲಿನ ಪರಿಣಾಮಕ್ಕೆ ಪ್ರಮಾಣ ಏರಿಸುತ್ತಾ ಹೋಗಬೇಕಾಗುತ್ತದೆ. ಕೆಲವು ವಾರ ಬಿಟ್ಟರೆ ಆ ಒಗ್ಗುವಿಕೆ ಇಳಿದುಹೋಗುತ್ತದೆ, ಆದರೆ ತುಡಿತ ಇಳಿದಿರುವುದಿಲ್ಲ. ಜಾರಿದವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಚಿಕಿತ್ಸೆ ಅಥವಾ ಜೈಲಿನಿಂದ ಹೊರಬಂದ ಮೊದಲ ವಾರಗಳು ಇವರಿಗೆ ಅತ್ಯಂತ ಅಪಾಯದ ವಾರಗಳಾಗಿರುವುದು ಇದಕ್ಕೇ. ಗುಟ್ಟಾಗಿ, ಒಬ್ಬನೇ, ಬಾಗಿಲು ಹಾಕಿಕೊಂಡು ತೆಗೆದುಕೊಂಡರಂತೂ ಎಬ್ಬಿಸುವವರೂ ಇಲ್ಲ. ಎರಡನೇ ಸಲ ಜಾರಿದೆ ಎಂದು ಹೇಳಿಕೊಳ್ಳಲು ಹೆದರುವಂತೆ ಮಾಡುವ ಪ್ರತಿ ನಿಯಮವೂ ಆ ಬಾಗಿಲಿಗೆ ಚಿಲಕ ಹಾಕುತ್ತದೆ.

ನಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆ. ಮದುವೆ ಮನೆಯಲ್ಲಿ ಕೈ ತಡೆಯದೆ ತಿಂದು ಸಕ್ಕರೆ ಏರಿಸಿಕೊಂಡು ವರ್ಷಕ್ಕೆರಡು ಸಲವಾದರೂ ಡಾಕ್ಟರ ಬಳಿ ಬೈಸಿಕೊಳ್ಳುತ್ತಾರೆ. ಡಾಕ್ಟರು ಬೈದು, ಮಾತ್ರೆ ಬದಲಿಸಿ, ಮುಂದಿನ ತಿಂಗಳು ಬನ್ನಿ ಎನ್ನುತ್ತಾರೆ. 2000ದಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಟಾಮ್ ಮೆಕ್‌ಲೆಲನ್ ಮತ್ತಿತರರು ಚಟವನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾಗಳ ಪಕ್ಕ ಇಟ್ಟು ನೋಡಿದರು. ಚಿಕಿತ್ಸೆಯ ನಂತರ ವರ್ಷದೊಳಗೆ ಮತ್ತೆ ಜಾರುವವರು ನೂರಕ್ಕೆ 40ರಿಂದ 60. ಉಳಿದ ಮೂರು ಕಾಯಿಲೆಗಳಲ್ಲೂ ಮರುಕಳಿಸುವುದು ಹೆಚ್ಚುಕಡಿಮೆ ಅಷ್ಟೇ. ಅಂದರೆ ನಮ್ಮ 'ಎರಡನೇ ಸಲ' ನಿಯಮ ಚಿಕಿತ್ಸೆಗೆ ಹೋಗಿಬಂದ ಇಬ್ಬರಲ್ಲಿ ಒಬ್ಬನನ್ನು ಹೊರಹಾಕಲೆಂದೇ ಬರೆದಂತಿದೆ. ಮದ್ದೂ ಇದೆ. ಅಫೀಮಿನ ಜಾತಿಯ ಚಟಕ್ಕೆ ಬ್ಯುಪ್ರೆನಾರ್ಫಿನ್, ಮೆಥಡೋನ್, ನಾಲ್ಟ್ರೆಕ್ಸೋನ್‌ಗಳು ಮೆದುಳಿನ ಅದೇ ಗ್ರಾಹಕಗಳ ಮೇಲೆ ಕೆಲಸ ಮಾಡಿ ತುಡಿತವನ್ನೋ ನಶೆಯನ್ನೋ ತಗ್ಗಿಸುತ್ತವೆ. ಗಾಂಜಾಕ್ಕೆ ಅಂಥ ಮದ್ದು ಇನ್ನೂ ಇಲ್ಲ, ಆದರೆ ಒಳ್ಳೆಯ ಸುದ್ದಿಯೊಂದಿದೆ: ದಿನಾ ಸೇದುವವರಲ್ಲಿ ಕುಗ್ಗಿದ್ದ ಗ್ರಾಹಕಗಳು ಸುಮಾರು ನಾಲ್ಕು ವಾರ ಬಿಟ್ಟರೆ ಬಹುಪಾಲು ಮರಳುತ್ತವೆ ಎಂದು 2012ರ ಸ್ಕ್ಯಾನ್ ಅಧ್ಯಯನ ತೋರಿಸಿದೆ. (ಆ ಗ್ರಾಹಕಗಳಿಗೆ ನಮ್ಮ ದೇಹವೇ ತಯಾರಿಸುವ ರಾಸಾಯನಿಕದ ಹೆಸರು ಆನಂದಮೈಡ್. 1992ರಲ್ಲಿ ಅದನ್ನು ಕಂಡುಹಿಡಿದವರು ನಮ್ಮ 'ಆನಂದ' ಪದವನ್ನೇ ಎರವಲು ಪಡೆದರು.)

ದೇಶದ ಕಾನೂನೂ ನಮ್ಮ ಕೈಪಿಡಿಗಿಂತ ಮೃದುವಾಗಿದೆ. ಎನ್‌ಡಿಪಿಎಸ್ ಕಾಯಿದೆಯ 64ಎ ಕಲಂ ಪ್ರಕಾರ, ಬಳಸಿದ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡ ಆರೋಪ ಇರುವ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲೂ ಆಡಳಿತ ಮಂಡಳಿಯಲ್ಲೂ ನನ್ನ ಕೋರಿಕೆ ಇಷ್ಟು. ಮುಂದಿನ ವರ್ಷದ ಕೈಪಿಡಿ ಅಚ್ಚಿಗೆ ಹೋಗುವ ಮೊದಲು ಆ ಸಾಲನ್ನು ಬದಲಿಸಿ. ಮಾರುವವನಿಗೂ ಬಳಸುವವನಿಗೂ ಬೇರೆ ಬೇರೆ ಸಾಲು ಇರಲಿ. ಬಳಸಿದವನು ಚಿಕಿತ್ಸೆಯಲ್ಲಿರುವ ತನಕ, ಅದು ಎಷ್ಟನೇ ಸಲವೇ ಆಗಿರಲಿ, ಅವನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಲಿ. ಕೇಂದ್ರದಿಂದ ಬಂದ ಮೊದಲ ಎರಡು ತಿಂಗಳು ಟೆಸ್ಟುಗಳಿಂದ ವಿನಾಯಿತಿ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಅವನು ತುಡಿತ ಬಂದ ಕ್ಷಣದಲ್ಲಿ ಫೋನ್ ಮಾಡಬಹುದಾದ ಒಬ್ಬ ಉಪನ್ಯಾಸಕರು ಇರಲಿ, ಆ ಫೋನ್ ಕಚೇರಿಯ ಫೈಲಿಗೆ ಹೋಗದಿರಲಿ. ಜೂನ್ 26ರಂದು ಪ್ರತಿಜ್ಞೆ, ರ‍್ಯಾಲಿಗಳ ಜೊತೆಗೆ ಒಬ್ಬ ಮನೋವೈದ್ಯರನ್ನೂ, ಒಪ್ಪಿದರೆ ಬಿಟ್ಟು ವರ್ಷಗಳಾದ ಒಬ್ಬರನ್ನೂ ಕರೆಸಿ.

ಗೆಳೆಯರಲ್ಲಿ ಕೇಳುವುದು ಇನ್ನೂ ಸಣ್ಣದು. ಹಾಗೆ ಬಂದವನ ಎದುರು 'ಆ ದಿನ ನೆನಪಿದೆಯಾ' ಎಂದು ಹಳೆಯ ಕಥೆ ತೆಗೆಯಬೇಡಿ. ಅವನ ಮೆದುಳಿಗೆ ಆ ಕಥೆಯೂ ಒಂದು ದೀಪ. ಸಂಜೆ ಬಸ್‌ಸ್ಟ್ಯಾಂಡಿಗೆ ಅವನೊಬ್ಬನನ್ನೇ ಬಿಡಬೇಡಿ, ಇನ್ನೊಂದು ಸ್ಟಾಪಿನ ತನಕ ಜೊತೆಗೆ ನಡೆಯಿರಿ, ಹತ್ತು ನಿಮಿಷದ ದಾರಿ.

ಟಿ.ಸಿ. ತೆಗೆದುಕೊಂಡು ಹೋದವನು ಈಗ ಮತ್ತೆ ಚಿಕಿತ್ಸೆಯಲ್ಲಿದ್ದಾನೆ ಎಂದು ಅವನ ತಂಗಿ ಹೇಳಿದಳು. ಖಾಸಗಿಯಾಗಿ ಪರೀಕ್ಷೆ ಕಟ್ಟಲು ಅರ್ಜಿ ತುಂಬಿದ್ದಾನಂತೆ, ರಸಾಯನಶಾಸ್ತ್ರದ ನೋಟ್ಸ್ ಬೇಕಂತೆ. ನನ್ನದು ಜೆರಾಕ್ಸ್ ಮಾಡಿಸಿ ಕೊಟ್ಟಿದ್ದೇನೆ. ಭೌತಶಾಸ್ತ್ರದ್ದು ಯಾರ ಬಳಿಯಾದರೂ ಪೂರ್ತಿ ಇದ್ದರೆ ತಿಳಿಸಿ. ನಿಮಗೋ ನಿಮ್ಮ ಮನೆಯವರಿಗೋ ಈ ವಿಷಯದಲ್ಲಿ ಯಾರೊಂದಿಗಾದರೂ ಮಾತಾಡಬೇಕಿದ್ದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮಾನಸ್ 14416. ಎರಡೂ ಉಚಿತ.